ನರುತೊ ಸೇತುವೆಯ ಅಡ್ಡಗಾಳಿ ಮತ್ತು ಎರಡು ತೊಟ್ಟಿ ನೀರು

ಹೆಂಡತಿಯ ಕಾರನ್ನು ಗಾಳಿ ಒಂದು ಮಾರು ಎಡಕ್ಕೆ ತಳ್ಳಿತು ಎಂಬುದು ತೊಕುಜಿಯ ದೂರು. ಒಂದು ಮಾರಲ್ಲ, ಒಂದು ಗೇಣು ಎಂಬುದು ಹೆಂಡತಿ ಫುಸಾಯೆಯ ತಿದ್ದುಪಡಿ. ಬೇರೆ ಗಂಡ ಹೆಂಡಿರಾಗಿದ್ದರೆ ಮಾರಿಗೂ ಗೇಣಿಗೂ ನಡುವೆ ಎಲ್ಲೋ ಒಂದು ಕಡೆ ರಾಜಿಯಾಗಿ ಊಟಕ್ಕೆ ಕೂರುತ್ತಿದ್ದರು. ಆದರೆ ತೊಕುಜಿ ಮೂವತ್ತೆಂಟು ವರ್ಷ ಸರ್ಕಾರದ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನು. ಅವನು ತನ್ನೂರು ನರುತೊದ ಮೀನು ಮಾರುಕಟ್ಟೆಗೆ ಕಾಲಿಟ್ಟರೆ ತಕ್ಕಡಿಗಳೆಲ್ಲ ತಾವಾಗಿಯೇ ನೆಟ್ಟಗೆ ನಿಲ್ಲುತ್ತಿದ್ದವಂತೆ. (ಇದು ಅವನೇ ಹೇಳಿದ್ದು. ಮೀನಿನವರನ್ನು ಯಾರೂ ಕೇಳಿಲ್ಲ.)

ನಿವೃತ್ತನಾಗಿ ಏಳು ವರ್ಷವಾಗಿತ್ತು. ಊರಿನ ತಕ್ಕಡಿಗಳು ಕೈತಪ್ಪಿ ಹೋದ ಮೇಲೆ ಅವನ ತಪಾಸಣೆ ಮನೆಯೊಳಗೆ ಬಂದಿತ್ತು. ಅಕ್ಕಿ ಎಷ್ಟು ನೀರು ಕುಡಿಯಿತು, ಸ್ನಾನದ ತೊಟ್ಟಿ ಎಷ್ಟು ನಿಮಿಷಕ್ಕೆ ಬಿಸಿಯಾಯಿತು, ಐದು ನಿಮಿಷದಲ್ಲಿ ಬರುತ್ತೇನೆಂದು ಪಕ್ಕದ ಮನೆಗೆ ಹೋದ ಫುಸಾಯೆ ಎಷ್ಟು ನಿಮಿಷಕ್ಕೆ ಬಂದಳು, ಎಲ್ಲವೂ ಒಂದು ಕಪ್ಪು ಪುಸ್ತಕದಲ್ಲಿ ದಾಖಲಾಗುತ್ತಿತ್ತು. ಕೆಟ್ಟ ಬುದ್ಧಿಯಿಂದಲ್ಲ. ಏನನ್ನು ಕಂಡರೂ ಅದು ಯಾಕೆ ಹೀಗೆ ಎಂದು ತಿಳಿಯದೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ, ಅಷ್ಟೇ. ಅವನಿಗೆ ನಿದ್ದೆ ಹತ್ತದಿದ್ದರೆ ಫುಸಾಯೆಗೂ ಹತ್ತಲು ಬಿಡುತ್ತಿರಲಿಲ್ಲ.

ಆದದ್ದು ಇಷ್ಟು. ಫುಸಾಯೆ ಪ್ರತಿ ಬುಧವಾರ ಸೇತುವೆ ದಾಟಿ, ಆಚೆ ದಡದ ಫುಕುರಾ ಊರಿನಲ್ಲಿರುವ ಹೆಂಗಸರ ಗೊಂಬೆಯಾಟದ ತಂಡಕ್ಕೆ ಹೋಗುತ್ತಾಳೆ. ಹೋಗುವುದು ಅವಳ ಪುಟ್ಟ ಕಾರಿನಲ್ಲಿ, ಅಲ್ಲಿ ಸಣ್ಣ ಗಾಡಿಗಳಿಗೆ ಕೊಡುವ ಹಳದಿ ನಂಬರ್ ಫಲಕದ್ದು. ನವೆಂಬರ್ ಕೊನೆಯ ಬುಧವಾರ ತೊಕುಜಿಯೂ ಜೊತೆಗೆ ಹೋಗಿದ್ದ. ಬರುವಾಗ ವಾಯುವ್ಯದ ಗಾಳಿ ಎದ್ದಿತ್ತು. ಗಾಳಿಯ ದಿಕ್ಕು ತೋರಿಸಲು ಸೇತುವೆಯ ಕಂಬದಲ್ಲಿ ಕಟ್ಟಿದ ಗಾಳಿಚೀಲ ಕೋಲು ನುಂಗಿದಂತೆ ಅಡ್ಡಕ್ಕೆ ಸೆಟೆದು ನಿಂತಿತ್ತು. ಆಗ ಆ ಮಾರೋ ಗೇಣೋ ನಡೆಯಿತು. ಕೆಳಗೆ ಸಮುದ್ರದ ಸುಳಿಗಳು, ಪಕ್ಕದಲ್ಲಿ ಕಬ್ಬಿಣದ ಬೇಲಿ, ನಡುವೆ ತೊಕುಜಿಯ ಪ್ರಾಣ. ಆ ಹೊತ್ತಿನಲ್ಲಿ ಸ್ಟೀರಿಂಗ್ ಹಿಡಿದಿದ್ದವನು ತೊಕುಜಿಯೇ ಎಂಬುದನ್ನು ನಾನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಅವನು ಅದನ್ನು ಎಲ್ಲೂ ಹೇಳುವುದಿಲ್ಲ.

"ಅದು ಕಾರಲ್ಲ ಕಣೆ, ಚಕ್ರ ಹಚ್ಚಿದ ಬೀರು!" ಎಂದ ಮನೆಗೆ ಬಂದು ಚಹಾ ಕುಡಿಯುತ್ತಾ. "ಅಡ್ಡಗಾಳಿಗೆ ಬೇಕಾಗಿರೋದು ಒಂದು ಗೋಡೆ. ನಿನ್ನ ಗಾಡೀಲಿ ಇರೋದೆಲ್ಲಾ ಗೋಡೆನೇ. ಎತ್ತರಕ್ಕೆ ಎತ್ತರ, ತೂಕಕ್ಕೆ ತೂಕ ಇಲ್ಲ."

"ಹದಿಮೂರು ವರ್ಷದಿಂದ ಅದೇ ಗೋಡೆ ಕಣ್ರೀ, ಅದೇ ಗಾಳಿ. ನಾನೊಬ್ಬಳೇ ಹೋದಾಗ ಅದು ಯಾವತ್ತೂ ಹಂಗೆ ಕುಣಿದಿಲ್ಲ."

"ನನ್ನ ಹೈಬ್ರಿಡ್ ನೋಡು. ನಿನ್ನ ಗಾಡಿ ಎಂಟುನೂರ ಐವತ್ತು ಕಿಲೋ, ನಂದು ಸಾವಿರದ ನಾನೂರು. ಬ್ಯಾಟರಿ ಎಲ್ಲಾ ಸೀಟಿನ ಕೆಳಗೆ, ನೆಲಕ್ಕೆ ಹತ್ತಿರ. ಮೈ ನುಣುಪು. ಗಾಳಿ ಬಂದರೆ ಸವರಿಕೊಂಡು ಹೋಗಬೇಕು, ಅಷ್ಟೇ."

ಆ ಹೈಬ್ರಿಡ್ ಬಂದು ಇಪ್ಪತ್ತೈದು ದಿನವಾಗಿತ್ತು. ಪೆಟ್ರೋಲಿಗೂ ಓಡುತ್ತದೆ, ಬ್ಯಾಟರಿಗೂ ಓಡುತ್ತದೆ, ಸದ್ದಿಲ್ಲದೆ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಫುಸಾಯೆ ಅದರಲ್ಲಿ ಒಮ್ಮೆಯೂ ಚಾಲಕನ ಸೀಟಿನಲ್ಲಿ ಕೂತಿರಲಿಲ್ಲ. ಕೂರಲು ಅವನು ಬಿಟ್ಟಿರಲಿಲ್ಲ ಎನ್ನುವುದು ಹೆಚ್ಚು ಸರಿ.

ಇಷ್ಟಕ್ಕೇ ನಿಂತಿದ್ದರೆ ಇದು ಬರೀ ಚಹಾದ ಹೊತ್ತಿನ ಜಗಳ. ಆದರೆ ತೊಕುಜಿ ಗೋಡೆಯ ಕ್ಯಾಲೆಂಡರ್ ಕಡೆ ಬೆರಳು ತೋರಿಸಿದ. ಎರಡು ವರ್ಷಕ್ಕೊಮ್ಮೆ ಗಾಡಿಯನ್ನು ಕಡ್ಡಾಯವಾಗಿ ತಪಾಸಣೆ ಮಾಡಿಸಬೇಕು. ಪುಟ್ಟ ಕಾರಿನ ಸರದಿ ಡಿಸೆಂಬರ್ ಇಪ್ಪತ್ತಕ್ಕೆ ಇತ್ತು. ಮಾಡಿಸದಿದ್ದರೆ ಅದು ರಸ್ತೆಗಿಳಿಯುವಂತಿಲ್ಲ.

"ಈ ಸಲ ತಪಾಸಣೆ ಬೇಡ. ಗುಜರಿಗೆ ಕೊಟ್ಟುಬಿಡೋಣ. ಇನ್ನು ಮುಂದೆ ಬುಧವಾರ ಬುಧವಾರ ನಾನೇ ನಿನ್ನನ್ನ ಹೈಬ್ರಿಡ್‌ನಲ್ಲಿ ಬಿಟ್ಟು ಬರ್ತೀನಿ," ಎಂದ, ವರ ಕೊಡುವವನ ಹಾಗೆ.

ಫುಸಾಯೆ ಕೈಯಲ್ಲಿದ್ದ ಸೂಜಿ ಕೆಳಗಿಟ್ಟಳು. ಅವಳ ಮುಂದೆ ತಂಡದ ರಾಜಕುಮಾರಿ ನಿಂತಿದ್ದಳು. ರಾಜಕುಮಾರಿ ಎಂದರೆ ಗೊಂಬೆ, ಮೂರೂವರೆ ಅಡಿ ಎತ್ತರ, ತಲೆ ತುಂಬ ಕೂದಲಿಗೆ ಸಿಕ್ಕಿಸಿದ ಬೆಳ್ಳಿಯ ಹೂಮುಳ್ಳು. ಅದರ ಬಟ್ಟೆಬರೆ ನೋಡಿಕೊಳ್ಳುವುದು ಫುಸಾಯೆಯ ಕೆಲಸವಾದ್ದರಿಂದ ಅದು ವಾರವೆಲ್ಲ ಅವರ ಮನೆಯಲ್ಲೇ ಇರುತ್ತಿತ್ತು. ಎಣ್ಣೆ ಹಾಕಿ ಕಟ್ಟಿದ ಅದರ ತುರುಬು ಒಂದು ಸಲ ಮಲಗಿಸಿದರೆ ಕೆಟ್ಟಿತು ಎಂದೇ ಲೆಕ್ಕ. ನಿಲ್ಲಿಸಿಯೇ ಸಾಗಿಸಬೇಕು. ಪುಟ್ಟ ಕಾರಿನ ಎತ್ತರದ ಛಾವಣಿಯ ಕೆಳಗೆ ಅದರ ಪೆಟ್ಟಿಗೆ ಅಳತೆ ತೆಗೆದು ಮಾಡಿಸಿದಂತೆ ನಿಲ್ಲುತ್ತದೆ. ಹೈಬ್ರಿಡ್‌ನ ಬೆನ್ನು ಇಳಿಜಾರು. ಅಲ್ಲಿ ರಾಜಕುಮಾರಿ ಬಗ್ಗಿ ಕೂರಬೇಕು.

"ಗೊಂಬೆ ಹೋಗೋಕೆ ಗಾಡಿ ಇಲ್ಲ ಅಂದ್ರೆ ಗೊಂಬೆ ಬೇರೆಯವರ ಮನೆಗೆ ಹೋಗತ್ತೆ. ಗೊಂಬೆ ಹೋದ್ರೆ ಎಡಗೈನೂ ಅವರಿಗೇ ಹೋಗತ್ತೆ," ಎಂದಳು. ಅವಳ ದನಿ ಸಣ್ಣಗಾಗಿತ್ತು. "ಹನ್ನೊಂದು ವರ್ಷ ಕಾಲು ಆಡಿಸಿ ಎಡಗೈಗೆ ಬಂದಿದ್ದೀನಿ ರೀ."

ಒಂದು ಗೊಂಬೆಗೆ ಮೂವರು ಆಡಿಸುವವರು. ಗುರು ಮುಖ ಮತ್ತು ಬಲಗೈ ಹಿಡಿಯುತ್ತಾರೆ, ಇನ್ನೊಬ್ಬರು ಎಡಗೈ, ಮತ್ತೊಬ್ಬರು ನೆಲಕ್ಕೆ ಬಗ್ಗಿ ಕಾಲು. ಮೂವರೂ ಬಾಯಿ ಬಿಡುವಂತಿಲ್ಲ. ಹನ್ನೊಂದು ವರ್ಷ ಬಗ್ಗಿದ ಬೆನ್ನು ನೆಟ್ಟಗಾಗಿ ಬರೀ ಎರಡು ವರ್ಷ. ಅದನ್ನು ಬಿಡುವುದೆಂದರೆ ಅವಳಿಗೆ ಎಷ್ಟು ಸಂಕಟ ಎಂಬುದನ್ನು ಅಳೆಯುವ ಸಾಧನ ತೊಕುಜಿಯ ಇಲಾಖೆಯಲ್ಲಿ ಇರಲಿಲ್ಲ. ಆದರೂ ಅವನು ಮನುಷ್ಯ. ಹೆಂಡತಿಯ ಮುಖ ನೋಡಿ ಅವನಿಗೆ ಪೆಚ್ಚಾಯಿತು.

"ಹಾಗಾದ್ರೆ ಪ್ರಯೋಗ ಮಾಡೋಣ," ಎಂದ. (ಪೆಚ್ಚಾದಾಗಲೆಲ್ಲ ಅವನು ಪ್ರಯೋಗ ಮಾಡುತ್ತಾನೆ.) "ಎರಡೂ ಗಾಡೀಲಿ ಒಂದೊಂದು ತೊಟ್ಟಿ ನೀರು ಇಡೋದು. ಗಾಳಿ ಇರೋ ದಿನ ಸೇತುವೆ ದಾಟೋದು. ಯಾವುದರಲ್ಲಿ ಹೆಚ್ಚು ಚೆಲ್ಲತ್ತೋ ಅದು ಹೆಚ್ಚು ಅಲ್ಲಾಡಿತು. ನಿನ್ನ ಗಾಡೀಲಿ ಕಡಿಮೆ ಚೆಲ್ಲಿದರೆ ತಪಾಸಣೆಗೆ ನಾನೇ ತಗೊಂಡು ಹೋಗ್ತೀನಿ. ಹೆಚ್ಚು ಚೆಲ್ಲಿದರೆ ಗುಜರಿ."

"ತೊಟ್ಟಿ ಯಾವುದು?"

"ಉದೋನ್ ಶ್ಯಾವಿಗೆ ಬಡಿಸೋ ಮರದ ತೊಟ್ಟಿ. ಎರಡೂ ಒಂದೇ ಅಂಗಡೀದು, ಒಂದೇ ಅಳತೆ. ನಾನೇ ಅಳೆದು ತಂದಿದ್ದು."

"ಅದರಲ್ಲಿ ನಾವು ಊಟ ಮಾಡ್ತೀವಿ ರೀ!"

"ವಿಜ್ಞಾನಕ್ಕೋಸ್ಕರ ಒಂದು ದಿನ ತಟ್ಟೇಲಿ ಉಣ್ಣೋಣ."

ಫುಸಾಯೆ ಒಪ್ಪಿದಳು. ಒಪ್ಪದಿದ್ದರೆ ಇಪ್ಪತ್ತನೇ ತಾರೀಕು ತಾನಾಗಿಯೇ ಬರುತ್ತಿತ್ತು.

ಮುಂದಿನ ಎರಡು ವಾರ ತೊಕುಜಿಯ ಉತ್ಸಾಹ ನೋಡುವಂತಿತ್ತು. ಊರಿನವರೆಲ್ಲ ಗಾಳಿ ಬೀಸದಿರಲಿ ಎಂದುಕೊಳ್ಳುತ್ತಿದ್ದರೆ ಇವನು ಬೀಸಲಿ ಎಂದು ಕಾಯುತ್ತಿದ್ದ. ನಡುವೆ ಬಂದ ಬುಧವಾರ ಎಲೆ ಅಲ್ಲಾಡದೆ ಕಳೆದುಹೋಗಿ ಅವನಿಗೆ ವೈಯಕ್ತಿಕವಾಗಿ ಅವಮಾನವಾಯಿತು. ತೊಟ್ಟಿಗಳ ಒಳಮೈಗೆ ಬೆರಳಗಲಕ್ಕೊಂದು ಗೆರೆ ಕೊರೆದ. (ಆ ಗೆರೆಗಳು ಇವತ್ತಿಗೂ ಇವೆ. ಅವರ ಮನೆಯಲ್ಲಿ ಉದೋನ್ ಉಂಡರೆ ಎಷ್ಟು ಬೆರಳು ಉಂಡೆವೆಂದು ಗೊತ್ತಾಗುತ್ತದೆ.) ಎರಡೂ ಕಾರಿನ ಚಕ್ರಗಳಿಗೆ ತುಂಬಿದ ಗಾಳಿ ನೋಡಿದ. ಚಾಲಕರ ತೂಕದ ವ್ಯತ್ಯಾಸವನ್ನೂ ಸರಿದೂಗಿಸಬೇಕೆಂದು ಬಚ್ಚಲಿನ ತಕ್ಕಡಿ ತಂದು ಫುಸಾಯೆಯ ಮುಂದಿಟ್ಟ. ಅವಳು ಅದನ್ನು ಎತ್ತಿ ಬಚ್ಚಲಿಗೇ ವಾಪಸ್ ಇಟ್ಟು ಬಂದಳು. ಆ ಒಂದು ಅಂಕಿ ಮಾತ್ರ ಪುಸ್ತಕದಲ್ಲಿ ಖಾಲಿ ಉಳಿಯಿತು.

ಡಿಸೆಂಬರ್ ಎರಡನೇ ಬುಧವಾರ ಬೆಳಿಗ್ಗೆ ಗಾಳಿ ಬಂತು. ಸೆಕೆಂಡಿಗೆ ಹದಿಮೂರು ಮೀಟರ್ ಎಂದು ಸೇತುವೆಯ ಫಲಕ ಹೇಳಿತು, ಗಂಟೆಗೆ ಐವತ್ತಕ್ಕಿಂತ ಹೆಚ್ಚು ಹೋಗಬೇಡಿ ಎಂದೂ ಹೇಳಿತು. ಮುಂದೆ ಫುಸಾಯೆ, ಪುಟ್ಟ ಕಾರಿನಲ್ಲಿ, ಹಿಂದೆ ನಿಂತ ರಾಜಕುಮಾರಿ, ಪಕ್ಕದ ಸೀಟಿನ ಕಾಲ್ಜಾಗದಲ್ಲಿ ತೊಟ್ಟಿ. ಅವಳ ಹಿಂದೆ ಹೈಬ್ರಿಡ್‌ನಲ್ಲಿ ತೊಕುಜಿ, ಅವನ ತೊಟ್ಟಿ. ಎರಡರಲ್ಲೂ ಎಂಟನೇ ಗೆರೆಯವರೆಗೆ ನೀರು.

ಸೇತುವೆ ಹತ್ತಿದ ಕೂಡಲೇ ಎಡಗಡೆಯಿಂದ ಮೊದಲ ಏಟು ಬಿತ್ತು. ಕಾರು ಬಲಕ್ಕೆ ಸರಿಯಿತು. ತೊಕುಜಿ ಎಡಕ್ಕೆಳೆದ. ಒಳಗೆ ಎಂಜಿನ್ನಿನ ಸದ್ದು ಕೂಡ ಇಲ್ಲ, ಬರೀ ಗಾಳಿಯ ಸಿಳ್ಳು, ತೊಟ್ಟಿಯ ಚಳಚಳ. ಅವನು ಇನ್ನೂ ಬಿಗಿಯಾಗಿ ಎಡಕ್ಕೆ ಹಿಡಿದ. ಅಷ್ಟರಲ್ಲಿ ಸೇತುವೆಯ ಉಕ್ಕಿನ ಹಗ್ಗಗಳನ್ನು ಹೊತ್ತ ಮೊದಲನೇ ದೊಡ್ಡ ಗೋಪುರ ಬಂತು. ಗೋಪುರದ ಮರೆಯಲ್ಲಿ ಗಾಳಿ ಫಕ್ಕನೆ ನಿಂತಿತು. ನಿಂತಿದ್ದು ಗಾಳಿ, ತೊಕುಜಿಯ ಕೈಯಲ್ಲ. ಕಾರು ಎಡಕ್ಕೆ ಹಾರಿತು. ಅಯ್ಯೋ ಎಂದು ಬಲಕ್ಕೆಳೆಯುವ ಹೊತ್ತಿಗೆ ಗೋಪುರ ದಾಟಿ ಗಾಳಿ ಮತ್ತೆ ಬಂದು, ಅವನು ಹೋಗಬೇಕೆಂದ ದಿಕ್ಕಿಗೇ ಅವನನ್ನು ಎರಡರಷ್ಟು ಕಳಿಸಿತು. ಎಡಗಾಲಿನ ಸಾಕ್ಸ್ ತಣ್ಣಗಾಯಿತು.

ಹೆದರಿಕೆಯ ನಡುವೆಯೂ ಅವನ ಕಣ್ಣು ಮುಂದಿನ ಪುಟ್ಟ ಕಾರಿನ ಮೇಲಿತ್ತು. ಅದಕ್ಕೂ ಏಟು ಬೀಳುತ್ತಿತ್ತು. ತೆಳ್ಳಗೆ ಎತ್ತರಕ್ಕಿರುವ ಅದು ಪ್ರತಿ ಸಲವೂ ಸ್ವಲ್ಪ ಬಾಗುತ್ತಿತ್ತು, ತಲೆದೂಗುತ್ತಿತ್ತು. ಆದರೆ ಬಿಳಿ ಗೆರೆಗೂ ಅದರ ಚಕ್ರಕ್ಕೂ ನಡುವಿನ ಜಾಗ ಮಾತ್ರ ಹೆಚ್ಚೂ ಆಗುತ್ತಿರಲಿಲ್ಲ, ಕಡಿಮೆಯೂ ಆಗುತ್ತಿರಲಿಲ್ಲ. ಹಗುರ ಗಾಡಿ, ಗೋಡೆಯಂಥ ಮೈ, ಲೆಕ್ಕದ ಪ್ರಕಾರ ಈ ಹೊತ್ತಿಗೆ ಅದು ಬೇಲಿಗೆ ಮುತ್ತಿಡಬೇಕು. ಯಾಕೆ ಇಡುತ್ತಿಲ್ಲ? ಎರಡನೇ ಗೋಪುರ ಬರುವವರೆಗೂ ಅವನು ಅದನ್ನೇ ಯೋಚಿಸುತ್ತಿದ್ದ. ಎರಡನೇ ಗೋಪುರ ಅವನ ಬಲಗಾಲಿನ ಸಾಕ್ಸನ್ನೂ ನೆನೆಸಿತು.

ಫುಕುರಾದಲ್ಲಿ ತಾಲೀಮಿನ ಮನೆಯ ಅಂಗಳದಲ್ಲಿ ಸುಮಿನೊ ಗುರುಗಳು ಕಾಯುತ್ತಿದ್ದರು. ತಂಡದ ಮುಖ್ಯಸ್ಥೆ, ಎಂಬತ್ತಮೂರು ವರ್ಷ, ನಾಲ್ಕಡಿ ಎಂಟಂಗುಲ, ಬಿಳಿ ಕಾಲುಚೀಲ, ಬೂದು ಕಿಮೊನೊ. ರಾಜಕುಮಾರಿಯ ಮುಖ ಮತ್ತು ಬಲಗೈ ಅವರದು. ಪ್ರಯೋಗದ ಸುದ್ದಿ ಫುಸಾಯೆಯಿಂದ ಅವರಿಗೆ ಮುಟ್ಟಿತ್ತು. ಇಬ್ಬರೂ ಇಳಿಯುವ ಮೊದಲೇ ಎರಡೂ ಕಾರಿನ ಬಾಗಿಲು ತೆರೆದು ಬಗ್ಗಿ ನೋಡಿದರು.

"ಫುಸಾಯೆದು ಏಳೂವರೆ," ಎಂದರು. "ತೊಕುಜಿಸಾನ್‌ದು ನಾಲ್ಕು. ಉಳಿದ ನಾಲ್ಕು ಗೆರೆ ಎಲ್ಲಪ್ಪಾ?"

ತೊಕುಜಿ ಕಾಲು ಜಾಡಿಸಿದ. ಉತ್ತರ ಅಂಗಳದ ಮೇಲೆ ಬಿತ್ತು.

ಫುಸಾಯೆಯ ಮುಖ ಅರಳಿತು. ಎರಡು ವಾರದಿಂದ ಅವಳು ಸರಿಯಾಗಿ ಉಂಡಿರಲಿಲ್ಲ. ಈಗ ರಾಜಕುಮಾರಿಯ ಪೆಟ್ಟಿಗೆಗೆ ಒರಗಿ ನಿಂತು, ಕಣ್ಣೊರೆಸಿಕೊಂಡು, ನಕ್ಕಳು. "ಹಾಗಾದ್ರೆ ತಪಾಸಣೆಗೆ ಸೋಮವಾರ ತಗೊಂಡು ಹೋಗ್ತೀರಾ, ಮಂಗಳವಾರಾನಾ?"

ಬುದ್ಧಿ ಇದ್ದವನಾಗಿದ್ದರೆ ಸೋಮವಾರ ಎಂದು ಹೇಳಿ ಸಾಕ್ಸ್ ಬಿಚ್ಚುತ್ತಿದ್ದ. ತೊಕುಜಿ ಪುಸ್ತಕ ಬಿಚ್ಚಿದ.

"ಇದು ಪೂರ್ತಿ ಆಗಿಲ್ಲ," ಎಂದ. "ಎರಡು ಗಾಡಿ, ಎರಡು ಚಾಲಕರು. ವ್ಯತ್ಯಾಸ ಯಾವುದರಿಂದ ಬಂತು ಅಂತ ಹೇಗೆ ಹೇಳೋದು? ಈಗ ಅದಲು ಬದಲು ಮಾಡ್ಕೊಂಡು ಓಡಿಸ್ಬೇಕು. ನಾನು ನಿನ್ನದು, ನೀನು ನಂದು."

"ಸೋತ ಮೇಲೆ ಆಟದ ನಿಯಮ ಬದಲಾಯಿಸ್ತೀರಾ?"

"ಸೋಲು ಗೆಲುವಿನ ಮಾತಲ್ಲ ಕಣೆ! ಗಾಡಿ ನಿನ್ನದೇ, ಸೋಮವಾರಾನೇ ತಪಾಸಣೆ, ಆಯ್ತಾ? ಆದರೆ ಸಾವಿರದ ನಾನೂರು ಕಿಲೋ ಇರೋದು ಎಂಟುನೂರ ಐವತ್ತು ಕಿಲೋಗಿಂತ ಹೆಚ್ಚು ಹೇಗೆ ಅಲ್ಲಾಡತ್ತೆ? ಅದು ಗೊತ್ತಾಗದೆ ನಾನು ಊಟ ಹೇಗೆ ಮಾಡ್ಲಿ?"

ಅವನ ಮುಖದಲ್ಲಿ ನಿಜವಾದ ಕಳವಳವಿತ್ತು. ಗೆದ್ದ ಕಾರನ್ನು ಮತ್ತೆ ಪಣಕ್ಕೆ ಇಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಫುಸಾಯೆ ಗುರುಗಳ ಕಡೆ ನೋಡಿದಳು. ಸುಮಿನೊ ಗುರುಗಳಿಗೂ ಕುತೂಹಲ ಕಡಿಮೆ ಇರಲಿಲ್ಲ.

"ತಾಲೀಮಿಗೆ ಇನ್ನೂ ಒಂದು ಗಂಟೆ ಇದೆ. ಹೋಗಿ ಬರೋಣ," ಎಂದರು. "ನಾನು ತೊಕುಜಿಸಾನ್ ಜೊತೆ ಕೂತ್ಕೋತೀನಿ. ರಾಜಕುಮಾರೀನ ಮಾತ್ರ ಇಳಿಸಿ."

ರಾಜಕುಮಾರಿಯನ್ನು ಇಳಿಸಿ ಗುರುಗಳನ್ನು ಹತ್ತಿಸಿದ್ದಾಯಿತು. ತೊಟ್ಟಿಗಳಿಗೆ ಮತ್ತೆ ಎಂಟನೇ ಗೆರೆಯವರೆಗೆ ನೀರು ತುಂಬಿತು. ಪುಟ್ಟ ಕಾರಿನಲ್ಲಿ ಗುರುಗಳ ಎರಡು ಪಾದ ತೊಟ್ಟಿಯ ಅಕ್ಕಪಕ್ಕ. ಈಗ ಸೇತುವೆಯಲ್ಲಿ ಗಾಳಿ ಬಲಗಡೆಯಿಂದ. ಮೊದಲ ಏಟಿಗೇ ತೊಕುಜಿ ಹಲ್ಲು ಕಚ್ಚಿ ಸ್ಟೀರಿಂಗನ್ನು ಕತ್ತು ಹಿಡಿದಂತೆ ಹಿಡಿದ.

"ಯಾರ ಮೇಲಪ್ಪಾ ಜಗಳ?" ಎಂದರು ಗುರುಗಳು.

"ಗಾಳಿ ಮೇಲೆ ಗುರುಗಳೇ."

"ಅದಕ್ಕೆ ಗೊತ್ತಾ?"

ಗೋಪುರ ಬಂತು. ಗಾಳಿ ನಿಂತಿತು. ಪುಟ್ಟ ಕಾರು ಬಲಕ್ಕೆ ಜಿಗಿಯಿತು, ಗೋಪುರ ದಾಟಿ ಎಡಕ್ಕೆ ಬಿತ್ತು, ಅವನು ಸರಿಮಾಡಲು ಹೋಗಿ ಮತ್ತೆ ಬಲಕ್ಕೆ. ತೊಟ್ಟಿಯ ನೀರು ಎದ್ದು ನಿಂತು, ಒಂದು ಕ್ಷಣ ಯೋಚಿಸಿ, ಗುರುಗಳ ಬಿಳಿ ಕಾಲುಚೀಲದ ಮೇಲೆ ಕೂತಿತು. ಗುರುಗಳು ಅರವತ್ತು ವರ್ಷ ವೇದಿಕೆಯ ಮೇಲೆ ಮುಖ ಅಲ್ಲಾಡಿಸದೆ ನಿಂತವರು. ಅವರು ತೊಕುಜಿಯ ಕೈಗಳನ್ನೇ ನೋಡುತ್ತಿದ್ದರು.

"ಇದು ಗಾಳಿ ಅಲ್ಲ," ಎಂದರು. "ಗಾಳಿ ಒಂದು ಸಲ ತಳ್ಳತ್ತೆ. ಮೂರು ಸಲ ನೀನು ತಳ್ತಾ ಇದ್ದೀಯ."

"ತಳ್ಳದಿದ್ರೆ ಸಮುದ್ರಕ್ಕೆ ಹೋಗ್ತೀವಿ ಗುರುಗಳೇ!"

"ಫುಸಾಯೆ ಯಾವತ್ತು ಹೋದ್ಲು? ನೋಡು, ವೇದಿಕೇಲಿ ನಾನು ಅವಳಿಗೆ ಬಾಯಲ್ಲಿ ಏನೂ ಹೇಳಲ್ಲ. ನನ್ನ ಮೊಣಕೈ ಒಂದು ಕೂದಲೆಳೆ ಹೊರಳತ್ತೆ, ಅವಳ ಎಡಗೈಗೆ ಗೊತ್ತಾಗತ್ತೆ. ಗೊತ್ತಾದಷ್ಟೇ ಮಾಡ್ತಾಳೆ. ಮುಂಚೇನೂ ಇಲ್ಲ, ಜಾಸ್ತೀನೂ ಇಲ್ಲ. ಹನ್ನೊಂದು ವರ್ಷ ಹಿಡೀತು ಅವಳಿಗೆ, ಕೈಗೆ ಕಾಯೋದು ಕಲಿಸೋಕೆ. ನೀನು ಗಾಳಿ ಹೇಳೋಕೆ ಮುಂಚೇನೇ ಉತ್ತರ ಕೊಡ್ತಿದ್ದೀಯ. ಅದೂ ಕೂಗಾಡ್ಕೊಂಡು."

ಎರಡನೇ ಗೋಪುರದ ಹತ್ತಿರ ಅವನು ಅದನ್ನು ಮಾಡಿ ನೋಡಿದ. ಕೈ ಸಡಿಲ ಬಿಡಬೇಕೆಂದು ನಿಶ್ಚಯಿಸಿ, ಎಷ್ಟು ಸಡಿಲ ಎಂದು ಯೋಚಿಸುತ್ತಿರುವಾಗಲೇ ಗೋಪುರ ದಾಟಿಹೋಯಿತು. ಕಾಲುಚೀಲದ ಇನ್ನೊಂದು ಜೊತೆ ತಂದಿದ್ದೇನೆಯೋ ಇಲ್ಲವೋ ಎಂದು ಗುರುಗಳು ತಮ್ಮಷ್ಟಕ್ಕೆ ಹೇಳಿಕೊಂಡರು.

ನರುತೊ ಕಡೆಯ ದಡದಲ್ಲಿ ಗಾಡಿ ನಿಲ್ಲಿಸಿ ನೋಡಿದಾಗ ಪುಟ್ಟ ಕಾರಿನ ತೊಟ್ಟಿಯಲ್ಲಿ ಎರಡು ಗೆರೆ ನೀರಿತ್ತು. ಹೈಬ್ರಿಡ್ ಸದ್ದಿಲ್ಲದೆ ಬಂದು ಪಕ್ಕದಲ್ಲಿ ನಿಂತಿತು. ಫುಸಾಯೆ ಇಳಿದಳು. ಅವಳ ತೊಟ್ಟಿಯ ನೀರು ಎಂಟನೇ ಗೆರೆಯಲ್ಲಿ, ಸುಮ್ಮನೆ, ಆಕಾಶ ನೋಡುತ್ತಾ ಇತ್ತು.

"ರೀ, ನಿಮ್ಮ ಗಾಡಿ ಬಹಳ ಚೆನ್ನಾಗಿದೆ ಕಣ್ರೀ!" ಎಂದಳು, ಮನಸಾರೆ. "ನೀವು ಹೇಳಿದ್ದು ನಿಜ. ನಂದಕ್ಕಿಂತ ಎಷ್ಟೋ ಗಟ್ಟಿ. ಗಾಳಿ ಬಂದ್ರೆ ನಮ್ಮ ಅಜ್ಜನ ಮನೆ ಹಸು ಥರ ತಲೆ ಬಗ್ಗಿಸ್ಕೊಂಡು ನಡೀತಾನೇ ಇರತ್ತೆ. ಇಂಥಾ ಗಾಡೀಲಿ ಅರ್ಧ ತೊಟ್ಟಿ ಹೇಗೆ ಚೆಲ್ಲಿದಿರಿ?"

ತೊಕುಜಿಗೆ ಒಂದು ಕ್ಷಣ ಬಹಳ ಸಂತೋಷವಾಯಿತು. ಅವನ ಲೆಕ್ಕ ಸರಿಯಾಗಿತ್ತು. ಭಾರದ ಗಾಡಿ ಹಗುರ ಗಾಡಿಗಿಂತ ಕಡಿಮೆ ಅಲುಗುತ್ತದೆ, ತಗ್ಗಿನ ಗಾಡಿ ಎತ್ತರದ ಗಾಡಿಗಿಂತ ಕಡಿಮೆ. ಪುಸ್ತಕದಲ್ಲಿ ನಾಲ್ಕು ಅಂಕಿಗಳನ್ನು ಬರೆದ. ಫುಸಾಯೆ, ಪುಟ್ಟ ಕಾರು: ಏಳೂವರೆ. ಫುಸಾಯೆ, ಹೈಬ್ರಿಡ್: ಎಂಟು. ತೊಕುಜಿ, ಹೈಬ್ರಿಡ್: ನಾಲ್ಕು. ತೊಕುಜಿ, ಪುಟ್ಟ ಕಾರು: ಎರಡು. ಬರೆದು ಮುಗಿದ ಮೇಲೆ ಅಂಕಿಗಳು ಅವನ ಕಡೆ ತಿರುಗಿ ನೋಡಿದವು. ಗಾಡಿ ಬದಲಾದರೆ ಅರ್ಧ ಗೆರೆಯೋ ಎರಡು ಗೆರೆಯೋ ವ್ಯತ್ಯಾಸ. ಚಾಲಕ ಬದಲಾದರೆ ನಾಲ್ಕು, ಐದೂವರೆ.

ಮೂವತ್ತೆಂಟು ವರ್ಷ ಅವನು ಬೇರೆಯವರ ತಕ್ಕಡಿಗಳಿಗೆ ಕೆಂಪು ಚೀಟಿ ಅಂಟಿಸಿದವನು. ಅತ್ತವರನ್ನೂ ಬಿಟ್ಟಿರಲಿಲ್ಲ, ಮೀನು ಕೊಡಲು ಬಂದವರನ್ನೂ ಬಿಟ್ಟಿರಲಿಲ್ಲ. ಈಗ ತನ್ನನ್ನು ಬಿಡಲು ಅವನಿಗೆ ಮನಸ್ಸು ಬರಲಿಲ್ಲ. ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು, ಆಮೇಲೆ ಇಳಿಯಿತು. 'ದೋಷದ ಕಾರಣ: ತೊಕುಜಿ' ಎಂದು ಬರೆದು, ಕೆಳಗೆ ದಿನಾಂಕ ಹಾಕಿ, ಹೆಂಡತಿಯ ಕೈಗೆ ಕೊಟ್ಟ. ಅವನ ಕಿವಿ ಕೆಂಪಾಗಿತ್ತು.

ಫುಸಾಯೆ ಓದಿದಳು. ನಗಬೇಕೆಂದು ಎರಡು ವಾರದಿಂದ ಕೂಡಿಟ್ಟಿದ್ದ ನಗು ಯಾಕೋ ಹೊರಗೆ ಬರಲಿಲ್ಲ. ಇವನ ಕಾಟ ತಡೆದುಕೊಳ್ಳಬಹುದು, ಇವನ ಪ್ರಾಮಾಣಿಕತೆ ತಡೆದುಕೊಳ್ಳುವುದೇ ಕಷ್ಟ ಎಂದು ಅವಳಿಗೆ ಎಷ್ಟೋ ಸಲ ಅನಿಸಿತ್ತು. ಈಗಲೂ ಅನಿಸಿತು.

"ಹೋಗಲಿ ಬಿಡಿ, ದೋಷ ಇರೋದು ಕೈಲಿ ಮಾತ್ರ ತಾನೇ," ಎಂದಳು. "ಕಲಿತರೆ ಆಯ್ತು."

"ಎಲ್ಲಿ ಕಲಿಯೋದು?" ಎಂದ ತೊಕುಜಿ ತಲೆಯೆತ್ತಿ. ಅವಮಾನ ಆಗಲೇ ಅರ್ಧ ಇಳಿದು ಅಲ್ಲಿ ಕುತೂಹಲ ಬಂದು ಕೂತಿತ್ತು. "ಕೈಗೆ ಕಾಯೋದು ಕಲಿಸ್ತಾರಾ? ಅದನ್ನ ಅಳೆಯೋದು ಹೇಗೆ?"

ಸುಮಿನೊ ಗುರುಗಳು ಕಾಲುಚೀಲ ಬಿಚ್ಚಿ ಹಿಂಡುತ್ತಿದ್ದರು. ಹಿಂಡುವುದನ್ನು ನಿಲ್ಲಿಸಿ ತೊಕುಜಿಯನ್ನು ಮೇಲಿಂದ ಕೆಳಗೆ ನೋಡಿದರು. ಕಾಲು ಆಡಿಸುವ ಕಿನುಯೆ ಮಂಡಿನೋವೆಂದು ಒಂದು ತಿಂಗಳಿಂದ ಮನೆಯಲ್ಲಿದ್ದಳು. ರಾಜಕುಮಾರಿ ನಾಲ್ಕು ಬುಧವಾರಗಳಿಂದ ನಿಂತಲ್ಲೇ ನಿಂತಿದ್ದಳು.

"ಬಗ್ಗೋಕೆ ಬರತ್ತಾ?" ಎಂದರು.

ಫುಕುರಾಗೆ ವಾಪಸ್ ಹೋಗುವಾಗ ಪುಟ್ಟ ಕಾರನ್ನು ಫುಸಾಯೆ ಓಡಿಸಿದಳು, ಗುರುಗಳು ಮುಂದೆ, ತೊಕುಜಿ ಹಿಂದೆ ರಾಜಕುಮಾರಿ ನಿಲ್ಲುವ ಜಾಗದಲ್ಲಿ. ಹೈಬ್ರಿಡ್ ಈಚೆ ದಡದಲ್ಲಿ ನಿಲ್ಲಿಸಿದಲ್ಲೇ ಉಳಿಯಿತು, ಏಕೆಂದರೆ ಅದನ್ನು ಆ ದಿನ ಮತ್ತೆ ಮುಟ್ಟುವ ಧೈರ್ಯ ಅದರ ಯಜಮಾನನಿಗೆ ಇರಲಿಲ್ಲ. ಗೋಪುರಗಳ ಹತ್ತಿರ ಅವನು ಹಿಂದಿನಿಂದ ಕತ್ತು ಚಾಚಿ ಹೆಂಡತಿಯ ಕೈ ನೋಡಿದ. ಗಾಳಿ ನಿಂತಾಗ ಅವಳ ಬೆರಳುಗಳು ತಾವಾಗಿ ಸಡಿಲವಾದವು, ಬಂದಾಗ ತಾವಾಗಿ ತುಂಬಿಕೊಂಡವು. ಅವಳು ಆ ಹೊತ್ತಿನಲ್ಲಿ ಗುರುಗಳ ಜೊತೆ ಮೂಲಂಗಿ ಉಪ್ಪಿನಕಾಯಿಯ ವಿಷಯ ಮಾತಾಡುತ್ತಿದ್ದಳು.

ತಾಲೀಮಿನ ಮನೆಯಲ್ಲಿ ತಂಡದ ಉಳಿದ ಆರು ಹೆಂಗಸರು ಸಾಲಾಗಿ ಕೂತಿದ್ದರು. ತೊಕುಜಿಗೆ ಗೊಂಬೆ ಆಡಿಸುವವರ ಕಪ್ಪು ಅಂಗಿ ತೊಡಿಸಿದರು. ಅವನು ರಾಜಕುಮಾರಿಯ ಹಿಂದೆ ಬಗ್ಗಿ, ಮೊದಲ ಕೆಲಸವಾಗಿ ಅವಳ ಕಿಮೊನೊದ ಅಂಚು ಎತ್ತಿ ಒಳಗೆ ನೋಡಿದ. ಆರು ಹೆಂಗಸರೂ ಒಟ್ಟಿಗೆ ಕಿರುಚಿದರು.

"ಇವಳಿಗೆ ಕಾಲೇ ಇಲ್ಲ!" ಎಂದ.

"ಹೆಣ್ಣು ಗೊಂಬೆಗೆ ಕಾಲಿರಲ್ಲಪ್ಪಾ," ಎಂದರು ಗುರುಗಳು. "ಅಂಚು ಎರಡೂ ಕಡೆ ಬೆರಳಲ್ಲಿ ಹಿಡಿದು ನೀನೇ ಅವಳಿಗೆ ನಡಿಗೆ ಮಾಡಬೇಕು. ಬಟ್ಟೆ ಅಲ್ಲಾಡಿದ್ರೆ ನೋಡೋರಿಗೆ ಕಾಲು ಕಾಣತ್ತೆ."

"ಹೆಜ್ಜೆಗೆ ಎಷ್ಟು ಅಂಗುಲ?"

"ನಾನು ಹೇಳಿದಷ್ಟು."

"ನೀವು ಯಾವಾಗ ಹೇಳ್ತೀರಿ?"

"ಹೇಳಲ್ಲ. ನನ್ನ ಸೊಂಟ ನಿನ್ನ ತೋಳಿಗೆ ತಾಗಿರತ್ತೆ. ಗೊತ್ತಾಗತ್ತೆ. ಮೊದಲ ಹತ್ತು ವರ್ಷ ಗೊತ್ತಾಗಲ್ಲ, ಪರವಾಗಿಲ್ಲ."

ತನ್ನ ಅರವತ್ತೇಳು ವರ್ಷಕ್ಕೆ ಹತ್ತು ಕೂಡಿಸಿ ನೋಡಿ ತೊಕುಜಿ ಅಂಚು ಹಿಡಿದ. ಗುರುಗಳು ಗೊಂಬೆಯ ಮುಖ ಎತ್ತಿದರು. ಫುಸಾಯೆ ಎಡಗೈ ಹಿಡಿದಳು. ಆಟದ ಪ್ರಕಾರ ರಾಜಕುಮಾರಿ ಬಾಗಿಲಿನಿಂದ ಪರದೆಯ ತನಕ, ಮದುವೆ ಮುರಿದ ಸುದ್ದಿ ಕೇಳಿದ ಮೇಲೆ, ಏಳು ಹೆಜ್ಜೆ ನೆಟ್ಟಗೆ ನಡೆದು ಹೋಗಬೇಕಿತ್ತು.

ಮೊದಲ ಹೆಜ್ಜೆ ಸರಿಬಂತು. ತೊಕುಜಿಗೆ ಖುಷಿಯಾಯಿತು. ಎರಡನೆಯದಕ್ಕೆ ಗುರುಗಳ ಸೊಂಟ ಏನೋ ಹೇಳಿದಂತೆ ಅನಿಸಿ ಎಡಕ್ಕೆ ಎಳೆದ. ಅದು ಹೇಳಿರಲಿಲ್ಲ ಎಂದು ಗೊತ್ತಾಗಿ ಬಲಕ್ಕೆ ತಳ್ಳಿದ. ಮೂರನೆಯದನ್ನು ಸರಿಮಾಡಲು ನಾಲ್ಕನೆಯದನ್ನೂ ಐದನೆಯದನ್ನೂ ಒಟ್ಟಿಗೆ ಹಾಕಿದ. ರಾಜಕುಮಾರಿ ಹೆಂಡ ಕುಡಿದವಳಂತೆ ಓಲಾಡಿದಳು, ಅವಳ ಮುಖ ಹಿಡಿದ ಎಂಬತ್ತಮೂರರ ಗುರುಗಳು ಅತ್ತ, ಎಡಗೈ ಹಿಡಿದ ಫುಸಾಯೆ ಇತ್ತ, ಮೂವರು ಮನುಷ್ಯರೂ ಒಂದು ಗೊಂಬೆಯೂ ಅಡ್ಡಡ್ಡವಾಗಿ ಹೋಗಿ ಗೋಡೆಯ ಚಾಪೆಗಳ ರಾಶಿಗೆ ಒರಗಿ ನಿಂತರು. ರಾಜಕುಮಾರಿಯ ಒಂದು ಹೂಮುಳ್ಳು ಜಾರಿ ಠಣ್ ಎಂದು ಬಿತ್ತು.

ಗುರುಗಳು ರಾಜಕುಮಾರಿಯ ತಲೆ ನೆಟ್ಟಗೆ ಮಾಡಿ, ಕೆಳಗೆ ಬಗ್ಗಿದ್ದ ಕಪ್ಪು ಅಂಗಿಯ ಕಡೆ ನೋಡಿದರು.

"ತೊಕುಜಿಸಾನ್," ಎಂದರು, "ಇಲ್ಲಿ ಗಾಳಿ ಎಲ್ಲಿಂದ ಬಂತು?"

ತೊಕುಜಿ ಬಗ್ಗಿದಲ್ಲಿಂದಲೇ ಕತ್ತು ತಿರುಗಿಸಿ ಒಂದೊಂದೇ ಕಿಟಕಿಯನ್ನು ಜಾಗ್ರತೆಯಾಗಿ ನೋಡಿದ. ಎಲ್ಲವೂ ಮುಚ್ಚಿದ್ದವು.